ನೆನೆಗುದಿ ಮತ್ತು ನೆನೆಹಾಕಿದ ಅಕ್ಕಿ

ಹಳೆಯ ಕಿರಾಣಿ ಅಂಗಡಿಗಳಲ್ಲಿ ಲಕ್ಷ್ಮಿಯ ಪಟದ ಪಕ್ಕ ಒಂದು ಬೋರ್ಡು ತೂಗುತ್ತಿರುತ್ತದೆ: ‘ಇಂದು ನಗದು, ನಾಳೆ ಉದ್ರಿ.’ ಮರುದಿನ ಹೋದರೂ ಬೋರ್ಡು ಅದನ್ನೇ ಹೇಳುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರು ಕಡೆ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನೋದಿ ವಾಪಸಾಗುತ್ತದೆ, ಮರುದಿನ ಬಂದು ಮತ್ತೆ ಓದಿ ಮತ್ತೆ ವಾಪಸಾಗುತ್ತದೆ ಎಂಬ ನಂಬಿಕೆ. ಓದುಬರಹ ಬಲ್ಲ ದೆವ್ವ, ಆದರೆ ಕ್ಯಾಲೆಂಡರ್ ನೋಡುವ ರೂಢಿಯಿಲ್ಲ. ಸಾಲ ಕೇಳುವವನನ್ನೂ ದೆವ್ವವನ್ನೂ ಒಂದೇ ಪದದಲ್ಲಿ ಸಾಗಹಾಕಿದ ಜಾಣರು ನಾವು. ಎಡವಟ್ಟಾದದ್ದು ಅದೇ ಬರಹವನ್ನು ಬಾಗಿಲಿನ ಒಳಮೈಗೂ ಬರೆದುಕೊಂಡಾಗ.

ಹಾಗೆ ಉಳಿದುಹೋದ ಕೆಲಸಕ್ಕೆ ‘ನೆನೆಗುದಿಗೆ ಬಿದ್ದಿದೆ’ ಎನ್ನುತ್ತೇವೆ. ಪತ್ರಿಕೆಯವರು ಈ ಪದವನ್ನು ಮೇಲ್ಸೇತುವೆಗೂ ಕುಡಿಯುವ ನೀರಿನ ಯೋಜನೆಗೂ ಮೀಸಲಿಟ್ಟುಬಿಟ್ಟಿದ್ದಾರೆ. ಆದರೆ ಪದವನ್ನು ಬಿಡಿಸಿ ನೋಡಿ: ನೆನೆ, ಕುದಿ. ನೆನೆನೆನೆದು ಕುದಿಯುವುದು. ಮುಂದೂಡುವವರ ಸ್ಥಿತಿಯನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಕಷ್ಟ. ಕೆಲಸ ಮೇಜಿನ ಮೇಲೆ ತಣ್ಣಗೆ ಕೂತಿರುತ್ತದೆ, ಕುದಿಯುವುದು ತಲೆ. ಹಲ್ಲುಜ್ಜುವಾಗ, ಸಿಗ್ನಲ್‌ನಲ್ಲಿ ನಿಂತಾಗ, ಎರಡನೆಯ ಸಲ ಸಾರು ಬಡಿಸಿಕೊಳ್ಳುವಾಗ.

ಇದನ್ನು ಸೋಮಾರಿತನ ಎಂದು ಬೈಯುವವರು ಮುಂದೂಡುವವರನ್ನು ಸರಿಯಾಗಿ ನೋಡಿಲ್ಲ. ಬ್ಯಾಂಕಿಗೆ ಕೆವೈಸಿ ಕೊಡಬೇಕಾದ ಮನುಷ್ಯ ಅದೇ ಮಧ್ಯಾಹ್ನ ಅಟ್ಟ ಹತ್ತಿ ಹಳೆಯ ಹಿತ್ತಾಳೆ ಪಾತ್ರೆ ಇಳಿಸಿ, ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗುತ್ತಾನೆ. ಎರಡು ಗಂಟೆ ಬೆವರು ಸುರಿಸುತ್ತಾನೆ, ಹದಿನೈದು ನಿಮಿಷದ ಫಾರ್ಮ್ ತಪ್ಪಿಸಿಕೊಳ್ಳುವುದಕ್ಕೆ. ಫ್ಯೂಷಿಯಾ ಸಿರೊಯಿಸ್ ಮತ್ತು ಟಿಮ್ ಪಿಚಿಲ್ ಎಂಬ ಮನೋವಿಜ್ಞಾನಿಗಳು 2013ರ ಪ್ರಬಂಧವೊಂದರಲ್ಲಿ ಇದನ್ನೇ ವಿವರಿಸಿದರು: ಕೆಲಸ ಹುಟ್ಟಿಸುವ ಕಿರಿಕಿರಿಯಿಂದ ಆ ಹೊತ್ತಿಗೆ ಬಿಡುಗಡೆ ಸಿಗಲೆಂದು ಮನಸ್ಸು ಮುಂದೂಡುತ್ತದೆ, ಬಿಲ್ಲು ನಾಳಿನ ನಮಗೆ ಬರುತ್ತದೆ. ಹಲ್ಲಿನ ಡಾಕ್ಟರು, ಕೊಟ್ಟ ಸಾಲ ವಾಪಸು ಕೇಳುವ ಫೋನು, ಕ್ಷಮೆ ಕೇಳಬೇಕಾದ ಪತ್ರ. ಇವೆಲ್ಲ ತೂಕದಲ್ಲಿ ಹಗುರ, ಕಿರಿಕಿರಿಯಲ್ಲಿ ಭಾರ. ಆದ್ದರಿಂದ ‘ನಾಳೆಯಿಂದ ಶಿಸ್ತು’ ಎಂದು ಹಲ್ಲು ಕಚ್ಚುವುದರಿಂದ ಆಗುವುದು ಹಲ್ಲುನೋವು ಮಾತ್ರ.

ಎಲ್ಲವನ್ನೂ ಮುಂದೂಡುವ ಮನೆಯಲ್ಲೂ ಒಂದು ಕೆಲಸ ಮಾತ್ರ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಅದು ದೋಸೆಗೆ ಅಕ್ಕಿ ನೆನೆಹಾಕುವುದು. ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಬೇಕಿದ್ದರೆ ಒಂದು ಹಿಡಿ ಅವಲಕ್ಕಿ. ತೊಳೆದು ನೀರು ಹಾಕಿಡುವುದಕ್ಕೆ ನಾಲ್ಕು ನಿಮಿಷ. ನಾಲ್ಕೈದು ಗಂಟೆ ನೆನೆದ ಮೇಲೆ ಸಂಜೆ ರುಬ್ಬುವುದು, ರಾತ್ರಿ ಎಂಟು ಹತ್ತು ಗಂಟೆ ಹುದುಗಲು ಬಿಡುವುದು, ಬೆಳಗ್ಗೆ ಕಾವಲಿ. ಡಿಸೆಂಬರಿನ ಚಳಿಯಾದರೆ ಹಿಟ್ಟು ಏಳಲು ಇನ್ನೂ ನಾಲ್ಕೈದು ಗಂಟೆ ಬೇಡುತ್ತದೆ, ಆಗ ಮಧ್ಯಾಹ್ನ ನೆನೆಹಾಕುವುದನ್ನು ಬೆಳಗ್ಗೆಗೇ ಜರುಗಿಸುತ್ತಾರೆ. ‘ಇವತ್ತು ಮನಸ್ಸಿಲ್ಲ, ಸ್ಫೂರ್ತಿ ಬಂದಾಗ ನೆನೆಹಾಕುತ್ತೇನೆ’ ಎಂದು ಯಾರೂ ಅಂದದ್ದಿಲ್ಲ. ಹಾಗೆಂದು ಅಕ್ಕಿ ನೆನೆಹಾಕುವವರನ್ನು ಛಲದ ಮನುಷ್ಯರೆಂದು ಯಾರೂ ಹೊಗಳುವುದೂ ಇಲ್ಲ. ಛಲ ಬೇಕಾಗುವುದೇ ಇಲ್ಲವಲ್ಲ! ಅಕ್ಕಿಯ ಡಬ್ಬ ಮುಟ್ಟುವಾಗ ರುಬ್ಬುವ ಚಿಂತೆ ಇರುವುದಿಲ್ಲ, ರುಬ್ಬುವಾಗ ಕಾವಲಿಯ ಚಿಂತೆ ಇರುವುದಿಲ್ಲ. ಒಂದೊಂದು ತುಂಡೂ ಚಿಕ್ಕದು, ನಡುವೆ ಕೆಲಸವನ್ನು ನೀರೇ ಮುಂದುವರಿಸುತ್ತದೆ.

ನೆನೆಗುದಿಗೆ ಬಿದ್ದದ್ದನ್ನು ನೆನೆಹಾಕಿದ ಕೆಲಸವಾಗಿ ಬದಲಾಯಿಸಿಕೊಂಡರೆ ಏನಾಗುತ್ತದೆಂಬುದಕ್ಕೆ ಆದಾಯ ತೆರಿಗೆ ರಿಟರ್ನ್ ಒಳ್ಳೆಯ ಮಾದರಿ. ಸಂಬಳದವರಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ತಪ್ಪಿದರೆ 5,000 ರೂಪಾಯಿ ದಂಡ, ಒಟ್ಟು ಆದಾಯ ಐದು ಲಕ್ಷ ಮೀರದಿದ್ದರೆ 1,000. ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಬೇರೆ. ಇದೆಲ್ಲ ಗೊತ್ತಿದ್ದೂ ಜುಲೈ 30ರ ರಾತ್ರಿ ಹನ್ನೊಂದಕ್ಕೆ ಕೂರುವವರಿಗೆ ತೊಡಕಾಗುವುದು ಲೆಕ್ಕದಲ್ಲಿ ಅಲ್ಲ. ಪಾಸ್‌ವರ್ಡ್ ಮರೆತಿರುತ್ತದೆ. ಹೊಸದು ಮಾಡಲು ಹೋದರೆ ಒಟಿಪಿ ಆಧಾರ್‌ಗೆ ಜೋಡಿಸಿದ ಹಳೆಯ ನಂಬರಿಗೆ ಹೋಗುತ್ತದೆ, ಆ ಸಿಮ್ ಯಾವತ್ತೋ ಸತ್ತಿರುತ್ತದೆ. ಬ್ಯಾಂಕಿನ ಬಡ್ಡಿ ಎಷ್ಟು ಬಂತೆಂಬ ಕಾಗದ ಸಿಗುವುದಿಲ್ಲ. ಹೀಗಾಗಿ ಜೂನ್ ಮಧ್ಯದಲ್ಲಿ, ಕೆಲಸ ಕೊಟ್ಟವರು ಕೊಡುವ ಸಂಬಳ-ತೆರಿಗೆ ಲೆಕ್ಕದ ಕಾಗದ ಫಾರ್ಮ್ 16 ಕೈಗೆ ಬಂದ ವಾರ, ಮಾಡಬೇಕಾದ ಕೆಲಸ ಇಷ್ಟೇ: ಪೋರ್ಟಲ್‌ಗೆ ಒಮ್ಮೆ ಲಾಗಿನ್ ಆಗಿ ಹೊರಬರುವುದು. ಅಕ್ಕಿ ತೊಳೆದಂತಾಯಿತು. ಇನ್ನೊಂದು ದಿನ ನಮ್ಮ ವರ್ಷದ ಆದಾಯ, ಕಡಿತವಾದ ತೆರಿಗೆಗಳ ಪಟ್ಟಿಗಳಾದ ಎಐಎಸ್ ಮತ್ತು 26ಎಎಸ್ ಇಳಿಸಿಕೊಂಡು ಫಾರ್ಮ್ 16ರ ಜೊತೆ ಒಂದೇ ಫೋಲ್ಡರಿಗೆ ಹಾಕುವುದು, ಮತ್ತೊಂದು ದಿನ ಮೂರರ ಅಂಕಿಗಳನ್ನೂ ತಾಳೆ ನೋಡುವುದು. ತುಂಬುವ ದಿನಕ್ಕೆ ಮುಕ್ಕಾಲು ಪಾಲು ಅದಾಗಲೇ ತುಂಬಿಕೊಂಡೇ ಬರುತ್ತದೆ. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಅಂದರೆ ಸಲ್ಲಿಸಿದ್ದು ನಾವೇ ಎಂದು ಆನ್‌ಲೈನಿನಲ್ಲಿ ಖಚಿತಪಡಿಸಬೇಕು. ‘ಸಲ್ಲಿಸಿಯಾಯಿತಲ್ಲ’ ಎಂಬ ಖುಷಿಯಲ್ಲಿ ಇದನ್ನು ಮರೆಯುವವರಿದ್ದಾರೆ. ಅವರದು ಹಿಟ್ಟು ರುಬ್ಬಿ ಗ್ರೈಂಡರಿನಲ್ಲೇ ಬಿಟ್ಟ ಕತೆ.

ತುಂಡು ಮಾಡಿದರೆ ಸಾಲದು, ಅದನ್ನು ನೇತುಹಾಕಲು ಮೊಳೆ ಬೇಕು. ‘ಈ ವಾರದಲ್ಲಿ ಯಾವಾಗಲಾದರೂ’ ಎಂಬುದು ಮೊಳೆಯಿಲ್ಲದ ಗೋಡೆ. ‘ಬೆಳಗ್ಗೆ 6ಕ್ಕೆ’ ಎಂಬುದೂ ಅಷ್ಟೇನೂ ಗಟ್ಟಿಯಲ್ಲ. ಅಲಾರಂ ಆರಕ್ಕೆ ಬಡಿಯುತ್ತದೆ, ಸ್ನೂಜ್ ಒತ್ತಿದರೆ ಐಫೋನು ಬಹುಕಾಲ ಕೊಡುತ್ತಿದ್ದ ರಿಯಾಯಿತಿ 9 ನಿಮಿಷ, ಐದು ಸಲ ಒತ್ತಿದರೆ ಮುಕ್ಕಾಲು ಗಂಟೆ. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಅದಕ್ಕಿಂತ ಗಟ್ಟಿಯಾದದ್ದು ಕನ್ನಡದ ‘ಆದ ಕೂಡಲೇ’. ಹಾಲು ಕಾದ ಕೂಡಲೇ ಮಾತ್ರೆ. ತಿಂಡಿ ತಟ್ಟೆ ತೊಳೆದ ಕೂಡಲೇ ಹತ್ತು ನಿಮಿಷ ಓದು. ಚಪ್ಪಲಿ ಬಿಟ್ಟ ಕೂಡಲೇ ಟಿಫಿನ್ ಡಬ್ಬ ಸಿಂಕಿಗೆ. ಪೀಟರ್ ಗೊಲ್‌ವಿಟ್ಜರ್ ಎಂಬ ಜರ್ಮನ್ ಮನೋವಿಜ್ಞಾನಿ ‘ಇಂಥದ್ದಾದರೆ ಇಂಥದ್ದು ಮಾಡುವೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಸಲ ಕೆಲಸ ಮುಗಿಸುತ್ತಾರೆಂದು ತೋರಿಸಿಕೊಟ್ಟರು. ನಮ್ಮ ಅಡುಗೆಮನೆಗಳು ಇದನ್ನು ಯಾವ ಪ್ರಯೋಗವೂ ಇಲ್ಲದೆ ನಡೆಸಿಕೊಂಡು ಬಂದಿವೆ.

ಗಡಿಯಾರವೇ ಬೇಕೆಂದರೆ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ ಎಂಬತ್ತರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆ ಟೈಮರ್ ಇಟ್ಟುಕೊಂಡು ರೂಪಿಸಿದ ಪದ್ಧತಿ ಇದೆ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಒಳ್ಳೆಯದೇ. ಆದರೆ ಹೆದರಿಸುವ ಕೆಲಸಕ್ಕೆ 25 ನಿಮಿಷ ತುಸು ಉದ್ದವಾಯಿತು. ನಮ್ಮಲ್ಲಿ ಕುಕ್ಕರ್ ಇದೆ. ಬೇಳೆ ಇಟ್ಟು ಮೂರು ವಿಷಲ್ ಆಗುವಷ್ಟರಲ್ಲಿ ಆದಷ್ಟು ಸಾಕು ಎಂದು ಕೂತರೆ, ನಾಲ್ಕನೆಯ ವಿಷಲ್ಲೂ ಕೇಳಿಸದಂತೆ ಮುಳುಗುವವರಿದ್ದಾರೆ. ಬೇಳೆ ಪೇಸ್ಟಾದರೂ ಫೈಲು ಮುಗಿದಿರುತ್ತದೆ.

ತಪ್ಪುವುದು ಎಲ್ಲೆಂದರೆ, ಮೊದಲನೆಯದಾಗಿ ಅಳತೆಯಲ್ಲಿ. ಯುಗಾದಿಯ ಹುರುಪಿನಲ್ಲಿ ವಾಕಿಂಗ್, ಯೋಗ, ಡೈರಿ, ಇಂಗ್ಲಿಷ್ ಓದು, ಸಕ್ಕರೆ ಬಿಡುವುದು ಎಲ್ಲವನ್ನೂ ಒಟ್ಟಿಗೆ ನೆನೆಹಾಕುತ್ತಾರೆ. ಪಾತ್ರೆ ಸಣ್ಣದು, ಹಿಟ್ಟು ರಾತ್ರಿಯೇ ಉಕ್ಕಿ ಕಟ್ಟೆಯ ಮೇಲೆ ಹರಿದಿರುತ್ತದೆ. ಇನ್ನೊಂದು, ಸಲಕರಣೆಯನ್ನೇ ಕೆಲಸವೆಂದು ತಿಳಿಯುವುದು. ಶೂ ಕೊಂಡು ತಂದ ದಿನ ನಾಲ್ಕು ಕಿಲೋಮೀಟರ್ ನಡೆದಷ್ಟೇ ತೃಪ್ತಿಯಾಗುತ್ತದೆ, ಅದೇ ಅಪಾಯ. ಬಣ್ಣಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆಯುವುದೂ ಗ್ರೈಂಡರ್ ಒರೆಸಿಟ್ಟಂತೆ. ಗ್ರೈಂಡರ್ ಹೊಳೆಯುತ್ತದೆ, ಅಕ್ಕಿ ಮೂಟೆಯಲ್ಲೇ ಇರುತ್ತದೆ. ಮೂರನೆಯದು ಆತುರ. 21 ದಿನದಲ್ಲಿ ಅಭ್ಯಾಸ ಕೂಡಿಬರುತ್ತದೆ ಎನ್ನುವ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ನಡುವಿನ ಅಂಕಿ 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ ಅಂದಾಜಿನ ಲೆಕ್ಕದಲ್ಲಿ 254. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವಾಗಲಿಲ್ಲ ಎಂಬುದೂ ಅದರಲ್ಲೇ ಕಂಡಿತು. ಒಂದು ದಿನ ಹಿಟ್ಟು ಹುಳಿಯಾದರೆ ಈರುಳ್ಳಿ, ಹಸಿಮೆಣಸು ಹಾಕಿ ಊತಪ್ಪ ಮಾಡುತ್ತೇವೆಯೇ ಹೊರತು ದೋಸೆಯನ್ನೇ ಬಿಡುವುದಿಲ್ಲವಲ್ಲ.

ಮಲಗುವ ಕೋಣೆಯ ಕುರ್ಚಿಯ ಮೇಲೆ ಬೆಳೆಯುವ ಬಟ್ಟೆಯ ಗುಡ್ಡಕ್ಕೆ ಮಾತ್ರ ಶಿಸ್ತಿನ ಪ್ರಶ್ನೆಯೇ ಇಲ್ಲ. ಒಮ್ಮೆ ಉಟ್ಟ ಬಟ್ಟೆಗೆ ಬೀರುವಿನಲ್ಲಿ ಜಾಗವಿಲ್ಲ, ಒಗೆಯುವ ಬುಟ್ಟಿಗೆ ಹಾಕುವಷ್ಟು ಕೊಳೆಯೂ ಆಗಿಲ್ಲ. ಅದು ತ್ರಿಶಂಕು. ಬಾಗಿಲ ಹಿಂದೆ ನಾಲ್ಕು ಕೊಕ್ಕೆ ಹೊಡೆಸಿದರೆ ಕುರ್ಚಿ ಮತ್ತೆ ಕೂರುವುದಕ್ಕೆ ಸಿಗುತ್ತದೆ.

ಇನ್ನು ಫೋನು. ಬಾಗಿಲ ಹೊರಗೆ ಬರೆಯಬೇಕಾದ ‘ನಾಳೆ ಬಾ’ ಈಗ ಇದರ ಪಾಲಿಗೇ ಸಲ್ಲಬೇಕು. ‘ನೋಡುವುದೇ ಇಲ್ಲ’ ಎಂದು ಆಣೆ ಹಾಕಿದರೆ ದೆವ್ವ ರೊಚ್ಚಿಗೇಳುತ್ತದೆ. ‘ನೋಡುತ್ತೇನೆ, ಹತ್ತು ನಿಮಿಷ ಬಿಟ್ಟು’ ಎಂದರೆ ಪಾಪ, ನಂಬಿ ಹೋಗುತ್ತದೆ. ಹತ್ತು ನಿಮಿಷದ ನಂತರ ಮತ್ತೆ ಅದನ್ನೇ ಹೇಳಬಹುದು. ಚಾರ್ಜರ್ ಹಾಲ್‌ನಲ್ಲಿದ್ದು ಮಂಚ ಒಳಗಿದ್ದರೆ ಅರ್ಧ ಕೆಲಸ ದೂರವೇ ಮಾಡುತ್ತದೆ. ಮುಂದೂಡುವ ಕಲೆಯಲ್ಲಿ ಇಷ್ಟು ವರ್ಷ ಪಳಗಿದ ಕೈ, ಅದಕ್ಕೂ ಎಲ್ಲಾದರೂ ಉದ್ಯೋಗ ಕೊಡಬೇಕಲ್ಲ.

ಆದರೂ ನೆನೆಹಾಕುವ ಸೂತ್ರದಲ್ಲಿ ಒಂದು ತೂತಿದೆ, ಅದು ಸಿಂಕಿನಲ್ಲಿ ಕಾಣುತ್ತದೆ. ರುಬ್ಬಿ ಮುಗಿದ ಕೂಡಲೇ ಗ್ರೈಂಡರಿನ ಕಲ್ಲಿಗೆ ಒಂದು ಚೊಂಬು ನೀರು ಸುರಿದರೆ ಒಂದು ನಿಮಿಷದಲ್ಲಿ ಶುದ್ಧ. ಒಣಗಲು ಬಿಟ್ಟರೆ ಉದ್ದಿನ ಹಿಟ್ಟು ಗಾರೆಯಂತೆ ಕಚ್ಚುತ್ತದೆ, ಉಜ್ಜಲು ಕಾಲು ಗಂಟೆ. ಇದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ರಾತ್ರಿ ಹತ್ತಕ್ಕೆ ಕಲ್ಲು, ಪಾತ್ರೆ, ಸೌಟು ಎಲ್ಲವನ್ನೂ ಸಿಂಕಿಗೆ ಹಾಕಿ, ಮುಳುಗುವಷ್ಟು ನೀರು ಬಿಟ್ಟು, ದೀಪ ಆರಿಸುವಾಗ ಗಂಭೀರವಾಗಿ ಒಂದು ಮಾತು ಹೇಳುತ್ತಾರೆ: ‘ನೆನೆಯಲಿ ಬಿಡು, ಬೆಳಗ್ಗೆ ನೋಡಿದರಾಯಿತು.’