ಕೂತರೆ ಲಂಚ, ನಿಂತರೆ ಆತಿಥ್ಯ

ಅಮೆರಿಕದ ಸಂಸದರಿಗೆ ಲಾಬಿ ಮಾಡುವವರು, ಅಂದರೆ ಕಾನೂನು ತಮಗೆ ಬೇಕಾದ ಹಾಗೆ ಬರಲಿ ಅಂತ ಮನವೊಲಿಸುವವರು, ಊಟ ಕೊಡಿಸುವ ಹಾಗಿಲ್ಲ. ನಿಯಮ ಬಲು ಖಡಕ್ಕು. ಆದರೆ ಊಟದ ಲೆಕ್ಕಕ್ಕೆ ಬಾರದ ಚಿಲ್ಲರೆ ತಿಂಡಿ ಇಟ್ಟರೆ ಅಡ್ಡಿಯಿಲ್ಲ. ಊಟ ಯಾವುದು, ತಿಂಡಿ ಯಾವುದು ಅಂತ ಗೊತ್ತಾಗುವುದು ಹೇಗೆ? ವಾಷಿಂಗ್ಟನ್‌ನ ಜನ ಅದಕ್ಕೊಂದು ಸುಲಭದ ಅಳತೆ ಕಂಡುಕೊಂಡರು. ಕುರ್ಚಿಯಲ್ಲಿ ಕೂತು, ಫೋರ್ಕ್ ಹಿಡಿದು ತಿಂದರೆ ಊಟ. ನಿಂತುಕೊಂಡೇ ಹಲ್ಲುಕಡ್ಡಿಗೆ ಚುಚ್ಚಿ ಬಾಯಿಗೆ ಹಾಕಿಕೊಂಡರೆ ಅಲ್ಲ. ಅದಕ್ಕೆ ಹೆಸರೂ ಬಿತ್ತು, ಹಲ್ಲುಕಡ್ಡಿ ನಿಯಮ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಕುರ್ಚಿ. ಲಂಚ ಬಾಯಿಯಿಂದ ಒಳಗೆ ಹೋಗುತ್ತದೆ ಅಂತ ನಾವೆಲ್ಲ ಸುಮ್ನೆ ನಂಬಿಕೊಂಡಿದ್ದೆವು. ಇಲ್ಲವಂತೆ, ಅದು ಕುರ್ಚಿಯಿಂದ ಮೇಲಕ್ಕೆ ಹತ್ತುತ್ತದೆ. ಮಂಡಿನೋವಿನ ಹಿರಿಯ ಸದಸ್ಯರೊಬ್ಬರು ತಟ್ಟೆ ಹಿಡಿದು ಎರಡು ಗಂಟೆ ನಿಂತೇ ಇದ್ದಾರೆ, ಪ್ರಾಮಾಣಿಕತೆ ಉಳಿಸಿಕೊಳ್ಳಲು. ಪಾಪ, ಅಲ್ವಾ? ಹಾಗಂತ ಜಾಸ್ತಿ ಮರುಗಬೇಡಿ. ಅದೇ ಸದಸ್ಯರ ಚುನಾವಣೆಗೆ ಹಣ ಎತ್ತುವ ಕಾರ್ಯಕ್ರಮವಾದರೆ ಅವರು ಕೂತೇ ಊಟ ಮಾಡಬಹುದು. ಲಾಬಿಯವರು ಚೆಕ್ ಹಿಡಿದು ಬಂದರೆ ಕುರ್ಚಿಯೂ ಸಿಗುತ್ತದೆ, ಫೋರ್ಕೂ ಸಿಗುತ್ತದೆ.

ಈ 'ಲಾಬಿಯವರು' ಅಂದರೆ ಯಾರು? ಅದನ್ನು ಹೇಳುವುದು 1995ರ ಕಾನೂನು. ಒಬ್ಬ ಗಿರಾಕಿಗಾಗಿ ಮೂರು ತಿಂಗಳಲ್ಲಿ ಮಾಡಿದ ಕೆಲಸದಲ್ಲಿ ಲಾಬಿಗೆ ಹೋದ ಹೊತ್ತು ಶೇ 20ಕ್ಕಿಂತ ಕಡಿಮೆಯಿದ್ದರೆ ನೀವು ಲಾಬಿಗಾರರಲ್ಲ. ನೋಂದಣಿ ಬೇಡ, ಲೆಕ್ಕ ಬೇಡ. ದಿನದ ಐದನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು ಕದಿಯುವವನನ್ನು ಕಳ್ಳ ಅನ್ನಬಾರದು ಅಂದ ಹಾಗೆ. ಹಾಗಾಗಿ ದೊಡ್ಡ ಕುಳಗಳ ಕಾರ್ಡಿನಲ್ಲಿ ಆ ಪದವೇ ಕಾಣುವುದಿಲ್ಲ. ಅವರು ಕಾರ್ಯತಂತ್ರ ಸಲಹೆಗಾರರು! ಚಾಪೆ ಕೆಳಗೆ ತೂರುವವನಿಗೆ ರಂಗೋಲಿ ಕೆಳಗೆ ತೂರುವವನು ಸಿಗುತ್ತಾನೆ ಅಂತ ಕೇಳಿದ್ದೇವೆ. ಇಲ್ಲಿ ತೂರುವವರಿಗೆ ಜಾಗ ಬಿಟ್ಟೇ ರಂಗೋಲಿಗೆ ಚುಕ್ಕಿ ಇಟ್ಟಿದ್ದಾರೆ.

ಲಾಬಿ ಮಾಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಸರ್ಕಾರಕ್ಕೆ ಅಹವಾಲು ಹೇಳುವ ಹಕ್ಕು ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ. ರೋಗಿಗಳ ಸಂಘವೂ ಲಾಬಿ ಮಾಡುತ್ತದೆ, ದೊಡ್ಡ ಬ್ಯಾಂಕೂ ಮಾಡುತ್ತದೆ. ರೋಗಿಗಳು ಅರ್ಜಿ ತರುತ್ತಾರೆ, ಬ್ಯಾಂಕು ಮಸೂದೆಯನ್ನೇ ಬರೆದು ತರುತ್ತದೆ. ವ್ಯತ್ಯಾಸ ಅಷ್ಟೇ.

ಇದು ತಮಾಷೆಯ ಮಾತಲ್ಲ. 2008ರ ಆರ್ಥಿಕ ಕುಸಿತದ ನಂತರ ಬ್ಯಾಂಕುಗಳಿಗೆ ಹಾಕಿದ್ದ ಮೂಗುದಾರವನ್ನು ಸಡಿಲಿಸಲು 2013ರಲ್ಲಿ ಒಂದು ಮಸೂದೆ ಬಂತು. ಅದರ 85 ಸಾಲುಗಳಲ್ಲಿ 70ಕ್ಕೂ ಹೆಚ್ಚು ಸಾಲುಗಳಲ್ಲಿ ಸಿಟಿಗ್ರೂಪ್ ಅನ್ನುವ ದೊಡ್ಡ ಬ್ಯಾಂಕಿನ ಸಲಹೆಗಳೇ ಇದ್ದವು ಅಂತ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಎರಡು ಮುಖ್ಯ ಪ್ಯಾರಾಗಳಂತೂ ಹೆಚ್ಚುಕಮ್ಮಿ ಪದಕ್ಕೆ ಪದ ನಕಲು. ಜನ ಆರಿಸಿ ಕಳಿಸಿದವರು ಅದರಲ್ಲಿ ಮಾಡಿದ ಬದಲಾವಣೆ ಏನು ಗೊತ್ತಾ? ಎರಡು ಪದಗಳನ್ನು ಬಹುವಚನ ಮಾಡಿದರು. ಅಷ್ಟು ದೊಡ್ಡವರನ್ನು ಏಕವಚನದಲ್ಲಿ ಮಾತಾಡಿಸಲು ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ. 2014ರ ಡಿಸೆಂಬರಿನಲ್ಲಿ ಆ ಸಡಿಲಿಕೆ ಸರ್ಕಾರದ ಖರ್ಚಿನ ಭಾರಿ ಮಸೂದೆಯೊಂದರ ಹೊಟ್ಟೆಯೊಳಗೆ ಸೇರಿಕೊಂಡು ಕಾನೂನೂ ಆಯಿತು.

ಸಂಸದರಾಗಿದ್ದ ಬಿಲ್ಲಿ ಟೌಜಿನ್ ಅವರದು ಇನ್ನೂ ನೇರ ದಾರಿ. 2003ರಲ್ಲಿ ಹಿರಿಯರ ಔಷಧ ವಿಮೆಯ ಕಾನೂನನ್ನು ಸಂಸತ್ತಿನಲ್ಲಿ ದಾಟಿಸಿದವರಲ್ಲಿ ಅವರು ಪ್ರಮುಖರು. ಕಂಪನಿಗಳ ಜೊತೆ ಸರ್ಕಾರ ಬೆಲೆಯ ಚೌಕಾಸಿ ಮಾಡಬಾರದು ಅಂತ ಆ ಕಾನೂನೇ ಹೇಳಿತು. 2005ರಲ್ಲಿ ಟೌಜಿನ್ ಔಷಧ ಕಂಪನಿಗಳ ಸಂಘದ ಮುಖ್ಯಸ್ಥರಾದರು. ತಮ್ಮ ಸಂಬಳದ ಚೌಕಾಸಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಮತ್ತೆ ಊಟಕ್ಕೆ ಬರೋಣ. ಸಂಸದರಿಗೆ ತನ್ನದೇ ರೆಸ್ಟೋರೆಂಟಿನಲ್ಲಿ ಪುಕ್ಕಟೆ ಉಣಬಡಿಸಿದ, ಗಾಲ್ಫ್ ಆಡಿಸಲು ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋದ ಲಾಬಿಗಾರ ಜ್ಯಾಕ್ ಅಬ್ರಮಾಫ್. 2006ರಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಆ ಗದ್ದಲದಿಂದಲೇ 2007ರಲ್ಲಿ ಲಾಬಿ ಕಾನೂನು ಬಿಗಿಯಾಯಿತು. ಇಂಥವರು ಮತ್ತೆ ಹುಟ್ಟಬಾರದು ಅನ್ನುವುದು ಉದ್ದೇಶ.

ಬಿಗಿಯಾದ ಆ ಕಾನೂನು ಮುರಿದ ಆರೋಪದ ಮೇಲೆ ಮೊದಲ ಕ್ರಿಮಿನಲ್ ಪ್ರಕರಣ ದಾಖಲಾದದ್ದು 2020ರಲ್ಲಿ. ಸಿಕ್ಕಿಬಿದ್ದವರು ಮತ್ತೆ ಅದೇ ಅಬ್ರಮಾಫ್. ಹದಿಮೂರು ವರ್ಷ ಕಾದು ಕೂತಿದ್ದ ಕಾನೂನಿಗೆ ಹಳೇ ಗಿರಾಕಿಯೇ ಬೋಣಿ ಮಾಡಿದರು. ಆರೋಪ ಏನಪ್ಪಾ ಅಂದರೆ, ಗಾಂಜಾ ಉದ್ಯಮದ ಪರವಾಗಿ ಲಾಬಿ ಮಾಡಿದ್ದಲ್ಲ. ಹೆಸರು ನೋಂದಾಯಿಸದೆ ಮಾಡಿದ್ದು. ಒಂದು ಫಾರಂ ತುಂಬಿದ್ದರೆ ಸಾಕಿತ್ತು.