ಮೂತ್ರ ಕೆಂಪಾದರೆ ಎಲ್ಲವೂ ಇನ್ಫೆಕ್ಷನ್ನೇ?

ಒಂಬತ್ತು ವರ್ಷದ ಹುಡುಗನ ಮುಖ ಊದಿಕೊಂಡಿದೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಎರಡು ವಾರಗಳ ಹಿಂದೆ ಗಂಟಲು ನೋವು ಬಂದು ವಾಸಿಯಾಗಿತ್ತೆಂದು ತಾಯಿ ತಾನಾಗಿಯೇ ಹೇಳುತ್ತಾಳೆ. ಆದರೂ ಕೈಯಲ್ಲಿರುವ ಚೀಟಿಯಲ್ಲಿ ‘ಯೂರಿನ್ ಇನ್ಫೆಕ್ಷನ್’ ಎಂದೇ ಬರೆದಿದೆ, ಜೊತೆಗೆ ಆಂಟಿಬಯಾಟಿಕ್. ಬಿ.ಪಿ. ನೋಡಿದ ಗುರುತಿಲ್ಲ. ಬೆಳಿಗ್ಗೆ ಲ್ಯಾಬಿನಲ್ಲಿ ಆ ಚೀಟಿ ಕಂಡಾಗಿನಿಂದ ನನ್ನ ಬಿ.ಪಿ. ಮಾತ್ರ ಏರಿಯೇ ಇದೆ.

ಮೂತ್ರದ ತಳದ ಗಸಿಯನ್ನು ಸ್ಲೈಡಿಗೆ ಹಾಕಿದರೆ, ಕೆಂಪು ರಕ್ತಕಣಗಳು ಒತ್ತೊತ್ತಾಗಿ ತುಂಬಿದ ಕೊಳವೆಯಾಕಾರದ ಆರ್‌ಬಿಸಿ ಕಾಸ್ಟ್‌ಗಳು ಕಂಡವು. ಇವು ರೂಪುಗೊಳ್ಳುವುದು ಮೂತ್ರಪಿಂಡದ ಸೂಕ್ಷ್ಮನಾಳದೊಳಗೇ. ಮೂತ್ರಕೋಶದಿಂದಲೋ ಅಲ್ಲಿರುವ ಕಲ್ಲಿನಿಂದಲೋ ಬಂದ ರಕ್ತಕ್ಕೆ ಆ ಆಕಾರ ಬರುವುದಿಲ್ಲ. ಅಂದರೆ ಪೆಟ್ಟು ಬಿದ್ದಿರುವುದು ರಕ್ತವನ್ನು ಸೋಸುವ ಗ್ಲೊಮೆರುಲಸ್‌ಗೆ. ಬೆಳಿಗ್ಗೆ ಕೊಟ್ಟ ಮಾದರಿಯನ್ನು ಮಧ್ಯಾಹ್ನ ನೋಡುವ ಹೊತ್ತಿಗೆ ಕಾಸ್ಟ್‌ಗಳು ಒಡೆದುಹೋಗಿರುತ್ತವೆ, ರಿಪೋರ್ಟಿನಲ್ಲಿ ‘ಆರ್‌ಬಿಸಿ: ಪ್ಲೆಂಟಿ’ ಎಂಬ ಅರ್ಧ ಸತ್ಯ ಉಳಿಯುತ್ತದೆ. ಗಸಿ ನೋಡುವ ಹುಚ್ಚು ನನಗೆ ಸ್ವಲ್ಪ ಹೆಚ್ಚೇ ಎಂಬುದು ನಿಮಗೆಲ್ಲ ಗೊತ್ತು, ಇರಲಿ.

ಗಂಟಲು ನೋವಾಗಿ ಒಂದೆರಡು ವಾರ ಕಳೆದ ಮೇಲೆ ಮೂತ್ರದ ಬಣ್ಣ ಕೆಟ್ಟರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನ ನಂತರ ಬರುವ ಮೂತ್ರಪಿಂಡದ ಉರಿಯೂತ, ಅಂದರೆ ನೆಫ್ರೈಟಿಸ್‌ ಇರಬಹುದೆಂದು ಶಂಕಿಸಬೇಕು, ಅದರಲ್ಲಿ ರಕ್ತದ ಸಿ3 (ರೋಗನಿರೋಧಕ ವ್ಯವಸ್ಥೆಯ ಒಂದು ಪ್ರೋಟೀನ್) ಇಳಿದಿರುತ್ತದೆ; ನೋವು ಬಂದ ಒಂದೆರಡು ದಿನಗಳಲ್ಲೇ ಕೆಂಪಾದರೆ ಐಜಿಎ ಎಂಬ ಪ್ರತಿಕಾಯ ಗ್ಲೊಮೆರುಲಸ್‌ನಲ್ಲಿ ಶೇಖರವಾಗುವ ಐಜಿಎ ನೆಫ್ರೋಪಥಿಯ ಶಂಕೆ, ಅದರಲ್ಲಿ ಸಿ3 ಸಾಮಾನ್ಯವಾಗಿ ಸರಿಯಿರುತ್ತದೆ. ನೋವು ಯಾವಾಗ ಬಂತೆಂದು ಕೇಳುವುದಕ್ಕೂ ಪುರುಸೊತ್ತಿಲ್ಲವೆಂದರೆ ಏನು ಹೇಳುವುದು?

ನೆಫ್ರೋಟಿಕ್ ಮಕ್ಕಳದು, ಅಂದರೆ ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರಿಹೋಗುವವರದು, ಇನ್ನೊಂದು ಪಾಡು. ಮೂತ್ರದಲ್ಲಿ ನೊರೆ, ರೆಪ್ಪೆಗಳ ಊತ, ಆಲ್ಬುಮಿನ್ ಎಂಬ ಪ್ರೋಟೀನ್ ಮೂರು ಪ್ಲಸ್, ರಕ್ತಕಣ ಇಲ್ಲವೆನ್ನುವಷ್ಟು ಕಡಿಮೆ, ಬಿ.ಪಿ. ಬಹುತೇಕ ಸರಿ, ಇಷ್ಟಿದ್ದರೂ ‘ಅಲರ್ಜಿ’ ಎಂದು ಸಿಟ್ರಿಜಿನ್ ಸಿರಪ್ ಕೊಟ್ಟು ಕಳುಹಿಸುತ್ತಾರೆ. ದೊಡ್ಡವರಲ್ಲಿ 24 ಗಂಟೆಗೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಮೂತ್ರದಲ್ಲಿ ಹೋಗುತ್ತಿದ್ದರೆ, ಅಂದರೆ ಅದೂ ನೆಫ್ರೋಟಿಕ್ ಮಟ್ಟದ್ದಾದರೆ, ಮುಖಕ್ಕೆ ಏನು ಹಚ್ಚುತ್ತೀರೆಂದೂ ಕೇಳಬೇಕು. ಪಾದರಸ ಬೆರೆತ ಫೇರ್‌ನೆಸ್ ಕ್ರೀಮ್ ಬಳಸಿದವರಲ್ಲಿ ಮೆಂಬ್ರೇನಸ್ ನೆಫ್ರೋಪಥಿ (ಗ್ಲೊಮೆರುಲಸ್‌ನ ಸೋಸುವ ಪೊರೆ ದಪ್ಪವಾಗಿ ಪ್ರೋಟೀನ್ ಸೋರುವ ಕಾಯಿಲೆ) ಕಂಡದ್ದನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ.

‘ಕೊನೆಗೆ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯೇ ಹೇಳುವಾಗ ಈ ಗಸಿಯ ಪುರಾಣ ಏಕೆ?’ ಎಂದು ಗೆಳೆಯರೊಬ್ಬರು ಕೇಳಿದರು. ಬಯಾಪ್ಸಿ ಹೇಳುತ್ತದೆ, ನಿಜ. ಆದರೆ ಇನ್ಫೆಕ್ಷನ್ ಎಂದು ಮನೆಗೆ ಕಳುಹಿಸಿದವರಿಗೆ ಬಯಾಪ್ಸಿ ಮಾಡುವವರು ಯಾರು? ಮಕ್ಕಳ ಸಾಮಾನ್ಯ ನೆಫ್ರೋಟಿಕ್‌ಗಂತೂ ಬಯಾಪ್ಸಿಯಿಲ್ಲದೆಯೇ ಸ್ಟೆರಾಯ್ಡ್ ಶುರುಮಾಡುತ್ತಾರೆ, ಅಲ್ಲಿ ದಾರಿ ತೋರಿಸುವುದು ಮೂತ್ರವೇ. ಇನ್ನು ಕೆಲವು ನೆಫ್ರೈಟಿಸ್‌ಗಳು ವಾರಗಳಲ್ಲೇ ಕಿಡ್ನಿಯನ್ನು ಮುಗಿಸಿಬಿಡುತ್ತವೆ. ಅಂಥವರ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಹೆಚ್ಚುವ ತ್ಯಾಜ್ಯ) ದಿನದಿಂದ ದಿನಕ್ಕೆ ಏರುತ್ತಿರುವಾಗ, ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ರಿಪೋರ್ಟಿಗಾಗಿ ಕಾದು ಕುಳಿತವರನ್ನು ನಾನು ಕಂಡಿದ್ದೇನೆ.