ಎರಡು ಸಲ ಸತ್ತರೂ ಜೀನ್ ಗ್ರೇಗಾಗಿ ಅಳು ಬರಲಿಲ್ಲ, ಯಾಕೆ?

ಕಾಮಿಕ್ಸ್ ಓದುವವರ ನಡುವೆ ಎಕ್ಸ್-ಮೆನ್ ಸಿನಿಮಾಗಳ ಮಾತು ಬಂದರೆ ಜಗಳ ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತದೆ. 2006ರ ‘ದಿ ಲಾಸ್ಟ್ ಸ್ಟ್ಯಾಂಡ್’ ಕೆಟ್ಟದ್ದೋ, 2019ರ ‘ಡಾರ್ಕ್ ಫೀನಿಕ್ಸ್’ ಅದಕ್ಕಿಂತ ಕೆಟ್ಟದ್ದೋ? ಎರಡಕ್ಕೂ ಮೂಲಕತೆ ಒಂದೇ: ಹುಟ್ಟಿನಿಂದಲೇ ವಿಚಿತ್ರ ಶಕ್ತಿಯಿರುವ ‘ಮ್ಯೂಟೆಂಟ್’ಗಳ ತಂಡ ಎಕ್ಸ್-ಮೆನ್, ಅದರಲ್ಲಿರುವ ಜೀನ್ ಗ್ರೇ, ಅವಳ ಕೈಮೀರಿ ಹೋಗುವ ಫೀನಿಕ್ಸ್ ಎಂಬ ಅಪಾರ ಶಕ್ತಿ. ಎರಡರ ಬರವಣಿಗೆಯಲ್ಲೂ ಸೈಮನ್ ಕಿನ್‌ಬರ್ಗ್ ಇದ್ದಾರೆ. ಮೊದಲನೆಯದನ್ನು ಜಾಕ್ ಪೆನ್ ಜೊತೆ ಸೇರಿ ಬರೆದರು, ಎರಡನೆಯದನ್ನು ಬರೆದು ನಿರ್ದೇಶನವನ್ನೂ ಮಾಡಿದರು. ಒಂದೇ ಕತೆಯನ್ನು ತಿದ್ದಿ ಬರೆಯಲು ಒಬ್ಬರಿಗೇ ಇನ್ನೊಂದು ಅವಕಾಶ ಸಿಗುವುದು ಅಪರೂಪ. ಸಿಕ್ಕಿತು, ಆದರೂ ಎಡವಿದರು. ಕಲ್ಲು ಮಾತ್ರ ಬೇರೆ.

ನನ್ನ ತಕರಾರು ಇಷ್ಟೇ: ತಂಡದ ಸಿನಿಮಾದಲ್ಲಿ ಎಲ್ಲರಿಗೂ ಪಾಲು ಕೊಡಬೇಕು ಅನ್ನುವ ಲೆಕ್ಕಾಚಾರದಲ್ಲಿ ಜೀನ್‌ಳ ಕತೆಯನ್ನೇ ಹಂಚಿಬಿಟ್ಟರು. ಅವಳಿಗೆ ಅಂತ ಏನೂ ಉಳಿಯಲಿಲ್ಲ.

ಕಾಮಿಕ್ಸ್‌ನಲ್ಲಿ ಏನಿತ್ತು ನೋಡಿ. ಕ್ರಿಸ್ ಕ್ಲೇರ್‌ಮಾಂಟ್ ಬರೆದ ‘ಎಕ್ಸ್-ಮೆನ್’ 101ನೇ ಸಂಚಿಕೆಯಲ್ಲಿ, ಅಂದರೆ 1976ರಲ್ಲಿ, ಜೀನ್ ಫೀನಿಕ್ಸ್ ಆಗುತ್ತಾಳೆ. ಅವಳು ಡಾರ್ಕ್ ಫೀನಿಕ್ಸ್ ಆಗುವುದು 134ರಲ್ಲಿ, ಸಾಯುವುದು 137ರಲ್ಲಿ. ಆಗ 1980. ನಡುವೆ ನಾಲ್ಕು ವರ್ಷ. ಅಷ್ಟು ಹೊತ್ತಿಗೆ ಓದುಗರು ಅವಳ ಜೊತೆ ಊಟ, ಪ್ರೀತಿ, ಪ್ರಯಾಣ ಎಲ್ಲ ಮುಗಿಸಿರುತ್ತಾರೆ. 135ರಲ್ಲಿ ಅವಳು ಹಸಿವಾಯಿತೆಂದು ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದನ್ನು ಸುತ್ತುತ್ತಿದ್ದ ಗ್ರಹದ ಡಿ’ಬಾರಿ ಜನ, 500 ಕೋಟಿ ಜೀವ, ಬೂದಿ. ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಮೊದಲು ಸಿದ್ಧಮಾಡಿದ್ದ ಕೊನೆಯಲ್ಲಿ ಜೀನ್ ಶಕ್ತಿ ಕಳೆದುಕೊಂಡು ಬದುಕಿರುತ್ತಿದ್ದಳು. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಇಷ್ಟು ಕೊಲೆ ಮಾಡಿದವಳಿಗೆ ತಕ್ಕ ಶಿಕ್ಷೆ ಆಗಲೇಬೇಕು ಅಂದರು. ಕೊನೆಯ ಪುಟಗಳನ್ನು ಹೊಸದಾಗಿ ಬರೆದು ಬಿಡಿಸಿದರು: ಚಂದ್ರನ ಮೇಲೆ, ಪ್ರಿಯಕರ ಸ್ಕಾಟ್‌ನ ಕಣ್ಣೆದುರೇ, ಜೀನ್ ಒಂದು ಹಳೆಯ ಆಯುಧವನ್ನು ತನ್ನ ಮೇಲೇ ಚಲಾಯಿಸಿಕೊಳ್ಳುತ್ತಾಳೆ. ಆ ಕೊನೆಯ ಕಾಳಗಕ್ಕೆ ಅವಳು ಹಾಕಿಕೊಂಡು ಬರುವುದು ಫೀನಿಕ್ಸ್ ಉಡುಪನ್ನಲ್ಲ, ಮಾರ್ವೆಲ್ ಗರ್ಲ್ ಆಗಿದ್ದ ಕಾಲದ ಹಸಿರು ಉಡುಪನ್ನು. ಕತೆಯ ಜೀವ ಇರುವುದು ಎರಡೇ ಕಡೆ. ತಪ್ಪು ಅವಳದ್ದು, ನಿರ್ಧಾರವೂ ಅವಳದ್ದೇ.

ಈಗ 2006ಕ್ಕೆ ಬನ್ನಿ. ಹಿಂದಿನ ಭಾಗ 134 ನಿಮಿಷ ಇತ್ತು, ಇದು 104. ಅರ್ಧ ಗಂಟೆ ಕಡಿಮೆ, ಕತೆ ಮಾತ್ರ ಎರಡು. ಫೀನಿಕ್ಸ್ ಜೊತೆಗೆ, ಜಾಸ್ ವೀಡನ್ 2004ರಲ್ಲಿ ಕಾಮಿಕ್ಸ್‌ಗೆ ಬರೆದ ‘ಮ್ಯೂಟೆಂಟ್‌ಗಳಿಗೆ ಮದ್ದು’ ಕತೆಯನ್ನೂ, ಅಂದರೆ ಅವರ ಶಕ್ತಿ ತೆಗೆದು ಮಾಮೂಲಿ ಮನುಷ್ಯರನ್ನಾಗಿಸುವ ಔಷಧದ ಕತೆಯನ್ನೂ ತುರುಕಿದರು. ಹಿಂದಿನ ಎರಡು ಭಾಗಗಳ ನಿರ್ದೇಶಕ ಬ್ರಯಾನ್ ಸಿಂಗರ್ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಮಾಡಲು ಹೊರಟಿದ್ದರು. ಅವರ ಜಾಗಕ್ಕೆ ಬಂದ ಮ್ಯಾಥ್ಯೂ ವಾನ್ ಕೂಡ ಬಿಟ್ಟುಹೋದರು. ಬ್ರೆಟ್ ರ‍್ಯಾಟ್ನರ್ ಕೈಗೆ ಚಿತ್ರ ಬಂದಾಗ ಶೂಟಿಂಗ್‌ಗೆ ಕೆಲವೇ ವಾರ ಬಾಕಿ. ಬಿಡುಗಡೆಯ ದಿನ ಮಾತ್ರ ಕದಲಲಿಲ್ಲ. ಸ್ಕಾಟ್ ಪಾತ್ರದ ಜೇಮ್ಸ್ ಮಾರ್ಸ್‌ಡನ್ ಕೂಡ ಸೂಪರ್‌ಮ್ಯಾನ್ ಚಿತ್ರದಲ್ಲಿದ್ದರು. ಹಾಗಾಗಿ ಜೀನ್‌ಳ ಪ್ರಿಯಕರ ಅರ್ಧದಾರಿಗೂ ಮುಂಚೆಯೇ ಸತ್ತ. ಅದೂ ತೆರೆಯ ಆಚೆ. ನಮಗೆ ಸಿಗುವುದು ಗಾಳಿಯಲ್ಲಿ ತೇಲುವ ಅವನ ಕನ್ನಡಕ ಮಾತ್ರ.

ಆದರೆ ಅವನು ಸಾಯುವ ಆ ಸರೋವರದ ದಂಡೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಜೀನ್ ಸ್ಕಾಟ್‌ನ ಕನ್ನಡಕ ತೆಗೆಯುತ್ತಾಳೆ. ಆ ಕನ್ನಡಕ ಇಲ್ಲದಿದ್ದರೆ ಅವನ ಕಣ್ಣಿನಿಂದ ಎಲ್ಲವನ್ನೂ ಸೀಳುವ ಕಿರಣ ಹೊಮ್ಮಬೇಕು, ಹೊಮ್ಮುವುದಿಲ್ಲ, ಅವಳೇ ತಡೆದು ಹಿಡಿದಿದ್ದಾಳೆ. ಇದು 132ನೇ ಸಂಚಿಕೆಯಿಂದ ನೇರ ಎತ್ತಿದ್ದು. ಅಲ್ಲಿ ಅದು ಪ್ರೀತಿಯ ಗಳಿಗೆ, ಅವಳ ಶಕ್ತಿ ಎಷ್ಟು ಬೆಳೆದಿದೆ ಅಂತ ಓದುಗನಿಗೆ ಮೊದಲ ಸಲ ಸಣ್ಣಗೆ ನಡುಕ ಹುಟ್ಟುವ ಗಳಿಗೆಯೂ ಹೌದು. ಸಿನಿಮಾ ಅದೇ ಮುತ್ತಿನಲ್ಲಿ ಅವನನ್ನು ಕೊಲ್ಲಿಸುತ್ತದೆ. ಇದು ಒಳ್ಳೆಯ ರೂಪಾಂತರ, ನಿಜಕ್ಕೂ! ಮೂಲವನ್ನು ನಕಲು ಮಾಡದೆ ತಿರುಗಿಸಿದ್ದಾರೆ. ಆದರೆ ಆ ಸಾವಿನ ಭಾರ ಹೊರುವವರು ಯಾರೂ ಇಲ್ಲ. ಮುಂದಿನ ದೃಶ್ಯಗಳಲ್ಲಿ ಸ್ಕಾಟ್‌ನ ಹೆಸರೇ ಅಪರೂಪ.

ಇನ್ನೂ ಕೆಲವು ಕಡೆ ಈ ಚಿತ್ರ ಅದರ ಹೆಸರಿಗಿಂತ ಚೆನ್ನಾಗಿದೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತನ್ನ ರೆಕ್ಕೆಗಳನ್ನು ತಾನೇ ಕತ್ತರಿಸಿಕೊಳ್ಳುವ ಹುಡುಗ. ತನ್ನನ್ನು ಉಳಿಸಲು ಹೋಗಿ ಮದ್ದಿನ ಸೂಜಿ ಚುಚ್ಚಿಸಿಕೊಂಡ ಮಿಸ್ಟಿಕ್‌ಳನ್ನು, ಈಗ ಅವಳು ಬರೀ ಮನುಷ್ಯಳು ಅಂತ ನೆಲದ ಮೇಲೇ ಬಿಟ್ಟು ಹೋಗುವ ಮ್ಯಾಗ್ನಿಟೋ, ಮ್ಯೂಟೆಂಟ್‌ಗಳೇ ಮೇಲು ಅನ್ನುವ ಅವಳ ನಾಯಕ. ಒಂದೇ ನಿಮಿಷದಲ್ಲಿ ಅವನ ಸಿದ್ಧಾಂತದ ಕ್ರೌರ್ಯ ಬಯಲಾಗುತ್ತದೆ. ಅವನು ಗೋಲ್ಡನ್ ಗೇಟ್ ಸೇತುವೆ ಕಿತ್ತು ಆಲ್ಕಟ್ರಾಜ್ ದ್ವೀಪಕ್ಕೆ ಸೇರಿಸುವುದಂತೂ ಕಾಮಿಕ್ಸ್‌ನ ಎರಡು ಪುಟದ ಹರಡು ಚಿತ್ರವನ್ನು ತೆರೆಗೆ ತಂದ ಹಾಗಿದೆ. ಸೇತುವೆ ಹೊರಡುವಾಗ ಬೆಳಕಿದೆ, ಆಚೆ ದಡ ಮುಟ್ಟುವಷ್ಟರಲ್ಲಿ ಕತ್ತಲೆ ಗವ್ವೆನ್ನುತ್ತದೆ! ಅವಸರದ ಕೆಲಸ ಸಿಕ್ಕಿಬೀಳುವುದು ಇಂಥ ಕಡೆಯೇ.

ದೊಡ್ಡ ತಪ್ಪು ಬೇರೆ ಇದೆ. ತಂಡ ಕಟ್ಟಿದ ಪ್ರೊಫೆಸರ್ ಚಾರ್ಲ್ಸ್‌ನನ್ನು ಕೊಂದ ಮೇಲೆ ಜೀನ್ ಏನು ಮಾಡುತ್ತಾಳೆ ಹೇಳಿ? ಮ್ಯಾಗ್ನಿಟೋ ಹಿಂದೆ ಸುಮ್ಮನೆ ನಿಂತಿರುತ್ತಾಳೆ. ಕಾಡಿನಲ್ಲಿ ನಿಲ್ಲುತ್ತಾಳೆ, ಸೇತುವೆ ಮೇಲೆ ನಿಲ್ಲುತ್ತಾಳೆ, ಯುದ್ಧ ನಡೆಯುವಾಗಲೂ ನಿಂತೇ ಇರುತ್ತಾಳೆ. ಮದ್ದಿನ ಕತೆ ಓಡುತ್ತಿರುವಾಗ ಫೀನಿಕ್ಸ್ ಕತೆಗೆ ಜಾಗವಿಲ್ಲ, ಅದಕ್ಕೇ ಅವಳನ್ನು ಕಂಬದ ಹಾಗೆ ನಿಲ್ಲಿಸಿದ್ದು. ಕೊನೆಯಲ್ಲಿ ಅವಳನ್ನು ಕೊಲ್ಲುವುದು ತಂಡದ ಇನ್ನೊಬ್ಬ, ಕೈಯಿಂದ ಲೋಹದ ಪಂಜ ಹೊರಬರುವ ವೊಲ್ವರಿನ್. ಪೋಸ್ಟರ್‌ನ ದೊಡ್ಡ ಮುಖ ಅವನದ್ದು, ಹಾಗಾಗಿ ನಿರ್ಧಾರವೂ ಅವನಿಗೇ ಹೋಯಿತು. ಅವಳು ಬೇಡಿಕೊಳ್ಳುತ್ತಾಳೆ, ಅವನು ಪಂಜ ಚುಚ್ಚುತ್ತಾನೆ, ಅಳುವುದೂ ಅವನೇ.

2019ರವರಿಗೆ ಇದೆಲ್ಲ ಗೊತ್ತಿತ್ತು. ಮದ್ದಿನ ಕತೆ ಇಲ್ಲ, ಸ್ಕಾಟ್ ಬದುಕಿದ್ದಾನೆ, ಹೆಸರೂ ಅವಳದ್ದೇ. ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಕಾಪಾಡುವ ಆರಂಭದ ದೃಶ್ಯ ತಂಡದ ಸಿನಿಮಾ ಬರೆಯುವವರಿಗೆ ಪಾಠ ಆಗಬಲ್ಲದು. ಗಿರಗಿರ ತಿರುಗುವ ನೌಕೆಯ ವೇಗ ತಗ್ಗಿಸಲು ಸ್ಕಾಟ್‌ನ ಕಿರಣ, ಒಳಗೆ ನುಗ್ಗಲು ಮಾಯವಾಗಿ ಬೇರೆಡೆ ಪ್ರತ್ಯಕ್ಷನಾಗುವ ನೈಟ್‌ಕ್ರಾಲರ್, ಗಗನಯಾತ್ರಿಗಳನ್ನು ಒಟ್ಟುಮಾಡಲು ಮಿಂಚಿನಂತೆ ಓಡುವ ಕ್ವಿಕ್‌ಸಿಲ್ವರ್, ನೌಕೆ ಒಡೆಯದಂತೆ ಹಿಡಿಯಲು ಜೀನ್. ಒಬ್ಬರ ಕೆಲಸ ಇನ್ನೊಬ್ಬರಿಂದ ಆಗದು. ಯಾರನ್ನು ತೆಗೆದರೂ ದೃಶ್ಯ ಕುಸಿಯುತ್ತದೆ. ಕೊನೆಯ ರೈಲಿನ ಹೊಡೆದಾಟವೂ ಗಟ್ಟಿ. ಮೊದಲಿದ್ದ ಕ್ಲೈಮ್ಯಾಕ್ಸ್ ಕೈಬಿಟ್ಟು ಮತ್ತೆ ಚಿತ್ರೀಕರಿಸಿದ್ದು ಅದು. ಇಕ್ಕಟ್ಟಾದ ಬೋಗಿಯಲ್ಲಿ ಪ್ರತಿ ಶಕ್ತಿಗೂ ಮಿತಿ ಬರುವುದರಿಂದ ಪೆಟ್ಟು ನಿಜವೆನಿಸುತ್ತದೆ. ಹ್ಯಾನ್ಸ್ ಜಿಮ್ಮರ್ ಸಂಗೀತ ಇಡೀ ಚಿತ್ರವನ್ನು ಅದರ ಯೋಗ್ಯತೆಗಿಂತ ಎರಡು ಮೆಟ್ಟಿಲು ಮೇಲಿಟ್ಟಿದೆ.

ಹಾಗಾದರೆ ಕೆಟ್ಟದ್ದೆಲ್ಲಿ? ಈ ಚಿತ್ರದಲ್ಲಿ ಜೀನ್ ಆಗಿರುವ ನಟಿ ಸೋಫಿ ಟರ್ನರ್‌ಳನ್ನು ಆ ಪಾತ್ರದಲ್ಲಿ ನಾವು ಅದಕ್ಕೆ ಮುಂಚೆ ಕಂಡಿದ್ದು 2016ರ ‘ಅಪೊಕ್ಯಾಲಿಪ್ಸ್’ ಒಂದರಲ್ಲೇ. ಅದರ ಕ್ಲೈಮ್ಯಾಕ್ಸ್‌ನಲ್ಲೇ ಅವಳ ಸುತ್ತ ಹಕ್ಕಿಯ ಆಕಾರದ ಬೆಂಕಿ ಎದ್ದಿತ್ತು, ಇಲ್ಲಿ ಅದೇ ಶಕ್ತಿ ಬಾಹ್ಯಾಕಾಶದಿಂದ ಬಂತು ಅನ್ನುತ್ತಾರೆ. ಅದೂ ಇರಲಿ. ನನಗೆ ತಡೆಯಲಾಗದ್ದು ಡಿ’ಬಾರಿಗಳ ವಿಷಯ. ಕಾಮಿಕ್ಸ್‌ನಲ್ಲಿ ಜೀನ್ ಕೈಯಲ್ಲಿ ಸತ್ತ ಬಡಪಾಯಿಗಳು ಸಿನಿಮಾದಲ್ಲಿ ಖಳರಾಗಿ ಬರುತ್ತಾರೆ! ಅವರ ಗ್ರಹ ನಾಶವಾಗಿದೆ ನಿಜ, ಆದರೆ ಜೀನ್‌ಳ ಮೈ ಸೇರುವ ಮುಂಚೆ ಆ ಶಕ್ತಿಯೇ ಮಾಡಿದ್ದು ಅದು. ಅಂದರೆ ಅವಳ ತಲೆ ಮೇಲಿದ್ದ 500 ಕೋಟಿ ಜೀವಗಳ ಪಾಪವನ್ನು ಒರೆಸಿ ಹಾಕಿದರು. ಉಳಿದದ್ದು ಮಿಸ್ಟಿಕ್‌ಳ ಒಂದು ಸಾವು, ಅದೂ ಕೈಮೀರಿ ಆದದ್ದು. ಆ ಸಾವು ಕೂಡ ಜೀನ್‌ಳ ಬಾಳಲ್ಲಿ ಕೆಲಸ ಮಾಡುವುದಕ್ಕಿಂತ ಹೆಚ್ಚಾಗಿ ತಂಡದ ಹ್ಯಾಂಕ್, ಎರಿಕ್ (ಅದೇ ಮ್ಯಾಗ್ನಿಟೋ), ಪ್ರೊಫೆಸರ್ ಚಾರ್ಲ್ಸ್ ಜಗಳವಾಡಲು ನೆಪವಾಗುತ್ತದೆ. ಮತ್ತೆ ಎಲ್ಲರಿಗೂ ಪಾಲು.

ಇದೇ ಕತೆ 1994ರಲ್ಲಿ ಟಿವಿಯ ಕಾರ್ಟೂನ್ ಸರಣಿಯಲ್ಲಿ ಬಂದಾಗ ಫೀನಿಕ್ಸ್ ಹುಟ್ಟಿಗೆ ಐದು ಕಂತು, ಡಾರ್ಕ್ ಫೀನಿಕ್ಸ್‌ಗೆ ನಾಲ್ಕು ಕಂತು ಕೊಟ್ಟಿದ್ದರು. ಮಕ್ಕಳ ಕಾರ್ಯಕ್ರಮವಾದ್ದರಿಂದ ಜೀನ್‌ಳನ್ನು ಕೊನೆಗೆ ಬದುಕಿಸಿದರು. ಆದರೂ ಎರಡೂ ಸಿನಿಮಾಗಳಿಗಿಂತ ಮನಸ್ಸಿಗೆ ಹತ್ತಿರ ಅದೇ.

ಮೂರನೆಯ ಸಲ ಯಾರಾದರೂ ಕೈಹಾಕುವುದಾದರೆ, ಜೀನ್ ಕನಿಷ್ಠ ಎರಡು ಚಿತ್ರಗಳಲ್ಲಿ ಮಾಮೂಲಿ ಜೀನ್ ಆಗಿಯೇ ಓಡಾಡಲಿ. ಶಕ್ತಿ ಬಂದ ಮೇಲೆ ಒಂದಿಡೀ ಚಿತ್ರದಲ್ಲಿ ಅದರಿಂದ ಒಳ್ಳೆಯದೇ ಆಗಲಿ, ನೋಡುವವರು ಚಪ್ಪಾಳೆ ತಟ್ಟಲಿ. ಆಮೇಲೆ ನಕ್ಷತ್ರ ನುಂಗಿಸಿ, ಕಾಮಿಕ್ಸ್‌ನಂತೆ ಖಳನೊಬ್ಬ ಅವಳ ಮನಸ್ಸಿಗೆ ಹಾಕಿದ ಮೋಡಿಯ ನೆಪ ಎಷ್ಟಿದ್ದರೂ ಕೈ ಅವಳದ್ದೇ ಆಗಿರಲಿ. ಚಂದ್ರನ ಮೇಲೆ ಅವಳು ಆಯುಧದ ಎದುರು ನಿಂತಾಗ ವೊಲ್ವರಿನ್‌ನನ್ನು ಮಾತ್ರ ದಯವಿಟ್ಟು ದೂರ ಇಡಿ.